ಪಾಲಿಶ್ ಪೂರ್ತಿ ಹೋಗುವವರೆಗೆ ವಾಟರ್ ಪೇಪರ್ ಮುಟ್ಟಬೇಡಿ

ಅಣ್ಣ, ನಿಮ್ಮ 1:24 ಅಳತೆಯ (ನಿಜವಾದ ಕಾರಿನ 24ನೇ ಒಂದು ಭಾಗ) ಪ್ಲಾಸ್ಟಿಕ್ ಬೀಟಲ್ ಮಾದರಿ ಕಾರಿಗೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲಿನ ಕೋಟ್, ಹೊಡೆದ ಕೂಡಲೇ ಬಾನೆಟ್ ತುಂಬ ಸಣ್ಣ ಗುಳಿ ಬಿದ್ದವು ಅಂತ ಬರೆದಿದ್ದೀರಿ. ಪ್ರೈಮರ್ ಡಬ್ಬಿಯದು ತಪ್ಪಿಲ್ಲ. ಈ ಮಾದರಿಯನ್ನು ನಿಮಗೆ ಮಾರಿದವರು ಅದಕ್ಕೆ ಕಾರ್ ಪಾಲಿಶ್ ಹಾಕಿ ಉಜ್ಜುತ್ತಿದ್ದರು ಅಂತ ನೀವೇ ಹೇಳಿದ್ದೀರಿ, ಅಲ್ವಾ? ಎಷ್ಟೋ ಪಾಲಿಶ್‌ಗಳಲ್ಲಿ ಮೇಣದ ಜೊತೆ ಸಿಲಿಕೋನ್ ಇರುತ್ತದೆ. ಅದು ಚೂರು ಉಳಿದಿದ್ದರೂ ಹಸಿ ಬಣ್ಣ ಅಲ್ಲಿ ಕೂರದೆ ಸುತ್ತ ಸರಿಯುತ್ತದೆ. ಪೇಂಟರ್‌ಗಳು ಇದನ್ನೇ ಫಿಶ್ ಐ ಅನ್ನುವುದು.

ಇನ್ನೊಂದು ಕೋಟ್ ಹೊಡೆದು ಮುಚ್ಚಲು ಹೋಗಬೇಡಿ. ವಾಟರ್ ಪೇಪರನ್ನೂ (ನೀರು ಹಾಕಿ ಉಜ್ಜುವ ಮರಳು ಕಾಗದ) ಈಗಲೇ ಹಿಡಿಯಬೇಡಿ. ನನ್ನ 1:18 ಕೆಂಪು ಕಾರಿಗೆ ನಾನು ಮಾಡಿದ್ದು ಅದೇ ತಪ್ಪು. ತೊಳೆಯದೆ ಉಜ್ಜಿದೆ, ಪಾಲಿಶ್ ಗೀರುಗಳ ಒಳಗೆ ಹೋಗಿ ಕೂತಿತು. ಎರಡು ಸಲ ಬಣ್ಣ ಹೊಡೆದೆ, ಎರಡು ಸಲವೂ ಅದೇ ಜಾಗದಲ್ಲಿ ಗುಳಿ.

ಪ್ರೈಮರ್ ಚೆನ್ನಾಗಿ ಒಣಗಲಿ. ಗಾಜು, ಕ್ರೋಮ್ ಭಾಗ ಬಿಚ್ಚಿಡಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು ಹಾಕಿ, ಮೆತ್ತನೆ ಟೂತ್‌ಬ್ರಷ್‌ನಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ, ಬಾಡಿ ಸೊಟ್ಟಗಾಗುತ್ತದೆ. ಬಾಗಿಲಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಸುಣ್ಣದ ಗೆರೆ ಎಳೆದ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಒಣಗಿದ ಪಾಲಿಶ್. ಹಲ್ಲುಕಡ್ಡಿಯ ತುದಿಯನ್ನು ಸೋಪು ನೀರಲ್ಲಿ ನೆನೆಸಿ ಮೆಲ್ಲಗೆ ಎಳೆದರೆ ಎದ್ದು ಬರುತ್ತದೆ. ಇದಕ್ಕೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ.

ಸೋಪಿಗೆ ಸಿಲಿಕೋನ್ ಪೂರ್ತಿ ಹೋಗಲ್ಲ. ಕಾರ್ ಪೇಂಟ್ ಅಂಗಡಿಯಲ್ಲಿ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ (ಮೇಣ, ಜಿಡ್ಡು ತೆಗೆಯುವ ದ್ರಾವಣ) ಕೇಳಿ. ಮೊದಲು ಅಡಿಭಾಗದಲ್ಲಿ ಒಂದು ಚುಕ್ಕೆ ಹಚ್ಚಿ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಮೆತ್ತಗಾಗದಿದ್ದರೆ ಮುಂದುವರಿಯಿರಿ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಆರಲು ಬಿಟ್ಟರೆ ಕರಗಿದ ಪಾಲಿಶ್ ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಯ ಮಡಿಕೆ ಬದಲಿಸುತ್ತಾ, ಬಾನೆಟ್, ಟಾಪು, ಬಾಗಿಲು ಅಂತ ಸ್ವಲ್ಪ ಸ್ವಲ್ಪ ಜಾಗ ಮುಗಿಸಿ. ಥಿನ್ನರ್, ಅಸಿಟೋನ್ ಮಾತ್ರ ಖಂಡಿತ ಬೇಡ, ಪ್ಲಾಸ್ಟಿಕ್ಕೇ ಕರಗುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ಒಲೆ, ದೀಪ ಇರಬಾರದು.

ಆಮೇಲೆ ಇನ್ನೊಮ್ಮೆ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿ, ಮೇಲೆ ನೀರು ಸುರಿಯಿರಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಕಟ್ಟಿದರೆ ಪಾಲಿಶ್ ಇನ್ನೂ ಇದೆ. ತೆಳ್ಳಗೆ ಹರಡಿ ನಿಂತರೆ ಆಯಿತು. ನಮ್ಮ ತುಮಕೂರಿನ ಮನೆಯ ಬೋರ್ ನೀರು ಗಡಸು, ಆರಿದರೆ ಬಿಳಿ ಕಲೆ ಬಿಡುತ್ತದೆ. ಹಾಗಾಗಿ ಕೊನೆಯ ನೀರಿಗೆ ನಾನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸುತ್ತೇನೆ.

ಇಷ್ಟಾದ ಮೇಲೆ 1000 ನಂಬರ್ ವಾಟರ್ ಪೇಪರ್‌ನಲ್ಲಿ ಗುಳಿಗಳನ್ನು ಸಮ ಮಾಡಿ, ತೊಳೆದು ಒಣಗಿಸಿ. ಅಲ್ಲಿಂದ ಬರಿಗೈಲಿ ಮುಟ್ಟಬೇಡಿ, ಗ್ಲೌಸ್ ಹಾಕಿ. ಪ್ರೈಮರ್ ಮೊದಲ ಕೋಟ್ ತೀರಾ ತೆಳುವಾಗಿರಲಿ. ಬಾನೆಟ್ ಮೇಲೆ ಮೊದಲು ಹೊಡೆದು ಐದು ನಿಮಿಷ ನೋಡಿ, ಅದರ ಫೋಟೋ ಇಲ್ಲಿ ಹಾಕಿ.