ಪೆಂಟೆಕೋಸ್ಟ್ ಹಬ್ಬಕ್ಕೆ ಆ ಹೆಸರು ಯಾಕೆ ಬಂತು?

ಪೆಂಟೆಕೋಸ್ಟ್ ಅಂದ್ರೆ ಗ್ರೀಕಿನಲ್ಲಿ 'ಐವತ್ತನೆಯದು', ಅಷ್ಟೇ. ಈಸ್ಟರ್ ಭಾನುವಾರವನ್ನೂ ಸೇರಿಸಿ ಎಣಿಸಿದರೆ ಈ ಕ್ರೈಸ್ತ ಹಬ್ಬ ಬರುವುದು 50ನೇ ದಿನ. ಹೆಸರು ಮಾತ್ರ ಕ್ರೈಸ್ತಧರ್ಮಕ್ಕಿಂತ ಹಳೆಯದು. ಯೆಹೂದ್ಯರು ಐವತ್ತು ದಿನ ಎಣಿಸಿ ಆಚರಿಸುವ ಗೋಧಿ ಸುಗ್ಗಿಯ ಹಬ್ಬವನ್ನು ಅವರಲ್ಲೇ ಗ್ರೀಕ್ ಮಾತಾಡುವವರು ಹೀಗೆ ಕರೆಯುತ್ತಿದ್ದರು. ಆ ಹಬ್ಬಕ್ಕೆ ಜೆರುಸಲೇಮಿನಲ್ಲಿ ಜನ ಸೇರಿದ್ದಾಗ, ಒಂದು ಮನೆಯಲ್ಲಿ ಕೂತಿದ್ದ ಯೇಸುವಿನ ಶಿಷ್ಯರಿಗೆ ಬಿರುಗಾಳಿಯಂಥ ಸದ್ದು ಕೇಳಿಸಿತು, ಬೆಂಕಿಯ ನಾಲಗೆಗಳಂಥವು ಒಬ್ಬೊಬ್ಬರ ಮೇಲೂ ಬಂದು ನಿಂತವು, ಪವಿತ್ರಾತ್ಮ (ಅಂದ್ರೆ ದೇವರ ಆತ್ಮ) ತುಂಬಿ ಅವರು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡತೊಡಗಿದರು ಅಂತ ಬೈಬಲ್ ಹೇಳುತ್ತದೆ. ನನಗೆ ಜಾಸ್ತಿ ಇಷ್ಟ ಮುಂದಿನ ಮಾತು: ದೂರದ ನಾಡುಗಳಿಂದ ಬಂದವರಿಗೆಲ್ಲ ಅದು ಅವರವರ ತಾಯ್ನುಡಿಯಲ್ಲೇ ಕೇಳಿಸಿತಂತೆ. ಎಷ್ಟು ಚೆಂದ ಅಲ್ವಾ? ಇದನ್ನು ಕ್ರೈಸ್ತಸಭೆಯ ಹುಟ್ಟುಹಬ್ಬ ಅಂತಲೂ ಕರೆಯುತ್ತಾರೆ. ಅನೇಕ ಚರ್ಚುಗಳಲ್ಲಿ ಅಂದು ಪಾದ್ರಿಗಳು ಕೆಂಪು ಬಟ್ಟೆ ತೊಡುವುದು ಆ ಬೆಂಕಿಯ ನೆನಪಿಗೇ.