80 ಗಜ ದೂರದಲ್ಲೇ ನಿಂತುಬಿಡುವ ಗಂಡು ಎಲ್ಕ್

ಅಮೆರಿಕದ ಕೊಲರಾಡೋ ಬೆಟ್ಟದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಒಬ್ಬರೇ ಬಿಲ್ಲು ಹಿಡಿದು ಹೋಗಿದ್ದಿರಿ, ಹೆಣ್ಣಿನಂತೆ ನೀವು ಕೂಗಿದ್ದಕ್ಕೆ ಗಂಡು ಎಲ್ಕ್ ಓಗೊಟ್ಟು ಬಂದು 80 ಗಜದಲ್ಲೇ ನಿಂತು ವಾಪಸ್ ಹೋಯಿತು, ತಪ್ಪೇನು ಅಂತ ಕೇಳಿದ್ದೀರಿ.

ಕೂಗು ಸರಿಯಾಗೇ ಇತ್ತು. ಇಲ್ಲದಿದ್ದರೆ ಅಷ್ಟು ದೂರವೂ ಬರುತ್ತಿರಲಿಲ್ಲ, ಅಲ್ವಾ? ಹೆಣ್ಣಿನ ದನಿ ಯಾವ ಮರದ ಹತ್ತಿರದಿಂದ ಬಂತು ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಆ ಜಾಗ ಕಾಣುವಷ್ಟು ಬಂದು ನೋಡುತ್ತದೆ. ಹೆಣ್ಣು ಕಾಣಲಿಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ.

ಇಬ್ಬರಿದ್ದರೆ ಒಬ್ಬ ಹಿಂದೆ ಕೂತು ಕೂಗುತ್ತಾನೆ, ಇನ್ನೊಬ್ಬ ಮುಂದೆ ಬಿಲ್ಲು ಹಿಡಿದಿರುತ್ತಾನೆ. ಒಬ್ಬರೇ ಇದ್ದಾಗ ಎರಡೂ ನಿಮ್ಮದೇ ಕೆಲಸ. ಕೂಗಿ, ಗಂಡು ಕೊಂಬು ತಿಕ್ಕುವ ಸದ್ದಿನಂತೆ ಒಣಕೊಂಬೆಯಿಂದ ಮರವನ್ನು ಉಜ್ಜಿ, ಆಮೇಲೆ ಸದ್ದಿಲ್ಲದೆ 30–40 ಗಜ ಎಲ್ಕ್ ಕಡೆಗೇ ಸರಿಯಿರಿ. ಎಲ್ಕ್ ವಾಸನೆ ಹಿಡಿಯಲು ಗಾಳಿ ಬೀಸಿ ಹೋಗುವ ಬದಿಯಿಂದ ಸುತ್ತಿ ಬರುವುದೇ ಜಾಸ್ತಿ, ಹಾಗಾಗಿ ಸ್ವಲ್ಪ ಆ ಕಡೆಗೂ ಸರಿಯಿರಿ. ಬಯಲಿನಂಥ ಕಡೆ ಕೂಗಲೇಬೇಡಿ. ಸಣ್ಣ ದಿಬ್ಬದ ಆಚೆ ಕೂತರೆ, ನೀವು ಕೂತ ಜಾಗ ಅದಕ್ಕೆ ಕಾಣುವ ಹೊತ್ತಿಗೆ ಅದು 30 ಗಜದೊಳಗೆ ಬಂದಿರುತ್ತದೆ.

ಗಾಳಿ ಮಾತ್ರ ಮೋಸ ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಅದು ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಆ ತಿರುವಿನ ಹೊತ್ತಲ್ಲಿ ಸುಮ್ನೆ ಕೂತಿದ್ದ ನನಗೆ ಸಿಕ್ಕಿದ್ದು, ನನ್ನ ವಾಸನೆ ಹಿಡಿದು ಓಡಿದ ಎಲ್ಕ್ ಕೊಂಬೆ ಮುರಿದ ಸದ್ದು ಅಷ್ಟೇ! ಗಾಳಿ ಯಾವ ಕಡೆ ಅಂತ ಉದುರಿಸಿ ನೋಡಲು ಪೌಡರ್ ಬಾಟಲಿ ಜೇಬಲ್ಲಿರಲಿ.

ಇನ್ನೊಂದು, ಮರದ ಹಿಂದೆ ಅಡಗಬೇಡಿ, ಮುಂದೆ ಕೂರಿ. ಹಿಂದಿದ್ದರೆ ಬಿಲ್ಲು ಎಳೆಯಲು ಜಾಗವೇ ಇರುವುದಿಲ್ಲ. ಎಲ್ಕ್‌ನ ತಲೆ ಮರದ ಮರೆಗೆ ಹೋದಾಗ ಎಳೆಯಿರಿ. ಉತ್ತರ ಬರಲಿಲ್ಲ ಅಂತ ಬೇಗ ಏಳಬೇಡಿ, ಅರ್ಧ ಗಂಟೆಯಾದರೂ ಕಾಯಿರಿ. ಎಷ್ಟೋ ಗಂಡುಗಳು ಸದ್ದೇ ಮಾಡದೆ ಬರುತ್ತವೆ.