ಗುಂಡು ಖಾಲಿಯಾಗೋದು ಆಟದ ತಪ್ಪಲ್ಲ

ಪ್ರಶ್ನೆ: 2016ರ ‘ಡೂಮ್’ ಎಂಬ ವಿಡಿಯೊ ಗೇಮ್ ನನಗೆ ತುಂಬಾ ಇಷ್ಟವಾಗಿತ್ತು. ಈಗ ಅದರ ಮುಂದಿನ ಭಾಗ ‘ಡೂಮ್ ಎಟರ್ನಲ್’ ಆಡುತ್ತಿದ್ದೇನೆ. ಪದೇ ಪದೇ ಗುಂಡು ಖಾಲಿಯಾಗಿ ಸಾಯುತ್ತೇನೆ. ಜನ ಹೊಗಳುವಷ್ಟು ಚೆನ್ನಾಗಿದೆಯಾ ಇದು?

ಉತ್ತರ: ಚೆನ್ನಾಗಿದೆ. ಕಾದಾಟದಲ್ಲಂತೂ ಮೊದಲಿನದಕ್ಕಿಂತ ಒಂದು ಕೈ ಮೇಲು. ಹಳೆಯದರಲ್ಲಿ ಸೂಪರ್ ಶಾಟ್‌ಗನ್ ಒಂದನ್ನೇ ನೆಚ್ಚಿಕೊಂಡು ಬಹಳ ದೂರ ಹೋಗಬಹುದಿತ್ತು, ಅಲ್ವಾ? 2020ರ ‘ಎಟರ್ನಲ್’ನಲ್ಲಿ ಆಟ ತಯಾರಿಸಿದ ಐಡಿ ಸಾಫ್ಟ್‌ವೇರ್ ಕಂಪನಿ ಬೇಕಂತಲೇ ಆ ದಾರಿ ಮುಚ್ಚಿತು. ಗುಂಡು ಬೇಕಾದರೆ ಸಣ್ಣ ರಾಕ್ಷಸನನ್ನು ಚೈನ್‌ಸಾದಿಂದ (ಯಂತ್ರ ಗರಗಸ) ಸೀಳಬೇಕು. ಕವಚ ಬೇಕಾದರೆ ಭುಜದ ಮೇಲಿನ ಯಂತ್ರದಿಂದ ರಾಕ್ಷಸರಿಗೆ ಬೆಂಕಿ ಹಚ್ಚಬೇಕು. ಜೀವ ಬೇಕಾದರೆ ಗ್ಲೋರಿ ಕಿಲ್, ಅಂದರೆ ತತ್ತರಿಸಿ ನಿಂತ ರಾಕ್ಷಸನನ್ನು ಹತ್ತಿರ ಹೋಗಿ ಮುಗಿಸುವುದು. ನೀವು ಚೈನ್‌ಸಾವನ್ನು ಕಷ್ಟಕಾಲಕ್ಕೆ ಅಂತ ಉಳಿಸಿಡುತ್ತಿರಬೇಕು. ಉಳಿಸಬೇಡಿ. ಅದರ ಮೊದಲ ಪಾಲು ಇಂಧನ ತಾನಾಗಿಯೇ ತುಂಬಿಕೊಳ್ಳುತ್ತದೆ.

ಬಂದೂಕನ್ನೂ ಬದಲಾಯಿಸುತ್ತಲೇ ಇರಿ. ಕ್ಯಾಕೊಡೀಮನ್ ಎಂಬ ಹಾರುವ ರಾಕ್ಷಸ ಬಾಯಿ ತೆರೆದಾಗ ಗ್ರೆನೇಡ್ ಹಾಕಿದರೆ ನುಂಗಿ ತತ್ತರಿಸುತ್ತದೆ. ಜೇಡದಂಥ ರಾಕ್ಷಸ ಅರಾಕ್ನೋಟ್ರಾನ್‌ನ ಬೆನ್ನಿನ ತೋಪನ್ನು ಮೊದಲು ಉಡಾಯಿಸಿ. ಇದು ರೂಢಿಯಾದ ಮೇಲೆ ಹಳೆಯ ‘ಡೂಮ್’ ನಿಧಾನ ಅನ್ನಿಸುತ್ತದೆ, ನನಗಂತೂ ಹಾಗೇ ಆಯಿತು.

ಕಥೆ ಮಾತ್ರ ಸೊರಗಿದೆ. ಮುಖ್ಯವಾದ ಎಷ್ಟೋ ಸಂಗತಿಗಳನ್ನು ಪುಟಗಟ್ಟಲೆ ಓದಿಯೇ ತಿಳಿಯಬೇಕು. ಗೋಡೆ ಹತ್ತಿ ನೆಗೆಯುವ ಭಾಗಗಳೂ ಜಾಸ್ತಿಯಾದವು. ಮರಾಡರ್ ಎಂಬ ವೈರಿ ಬಂದಾಗ ಇಡೀ ಓಟ ನಿಂತುಬಿಡುತ್ತದೆ, ಅದು ನನಗೂ ಇಷ್ಟವಿಲ್ಲ. ತೀರಾ ಹತ್ತಿರ ಹೋಗದೆ, ತೀರಾ ದೂರವೂ ನಿಲ್ಲದೆ, ಅವನ ಕಣ್ಣು ಹಸಿರು ಮಿನುಗಿದಾಗ ಹೊಡೆಯಿರಿ.